ಸಾಲ ವಸೂಲಿಯವರು ನನ್ನ ಬಾಕಿಯ ವಿಷಯ ಸಂಬಂಧಿಕರಿಗೆ ಹೇಳಬಹುದೇ?

ಹೇಳುವಂತಿಲ್ಲ. ಉಡುಪಿಯಲ್ಲಿ ತೆಗೆದ ಬೈಕ್ ಸಾಲದ ಕಂತು ತಪ್ಪಿದ್ದಕ್ಕೆ ಏಜೆನ್ಸಿಯವರು ಮಂಗಳೂರಿನ ನಿಮ್ಮ ಅತ್ತೆಗೆ ಫೋನ್ ಮಾಡಿದ್ದಾರೆ ಅಂದಿದ್ದೀರಿ. ನಿಮ್ಮ ವಿಳಾಸ, ಬಾಕಿ ಮೊತ್ತ ಏಜೆನ್ಸಿಗೆ ಕೊಡುವುದು ಬ್ಯಾಂಕೇ. ಸಾಲದ ಒಪ್ಪಂದದಲ್ಲಿ ಸಾಮಾನ್ಯವಾಗಿ ಅದಕ್ಕೆ ನಿಮ್ಮ ಸಹಿ ಇರುತ್ತದೆ. ಆ ಸಣ್ಣಕ್ಷರ ಯಾರೂ ಓದುವುದಿಲ್ಲ ಬಿಡಿ. ಅತ್ತೆಯ ನಂಬರ್ ಬಹುಶಃ ಅರ್ಜಿಯ ‘ರೆಫರೆನ್ಸ್’ (ಪರಿಚಯದವರ ಹೆಸರು, ನಂಬರ್ ಬರೆಯುವ) ಜಾಗದಿಂದ ಹೋದದ್ದು. ಆದರೆ ರೆಫರೆನ್ಸ್ ಅಂದರೆ ಜಾಮೀನಲ್ಲ.

ಸಾಲಗಾರರ ಮನೆಯವರು, ಸ್ನೇಹಿತರು, ರೆಫರೆನ್ಸ್‌ನಲ್ಲಿರುವವರ ಖಾಸಗಿತನಕ್ಕೆ ಕೈಹಾಕಬಾರದು, ವಸೂಲಿ ಕರೆ ಬೆಳಿಗ್ಗೆ 8ರಿಂದ ಸಂಜೆ 7ರೊಳಗೆ ಮಾತ್ರ ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ಏಜೆಂಟ್ ಮಾಡಿದ ತಪ್ಪಿಗೂ ಬ್ಯಾಂಕೇ ಹೊಣೆ. ಹಾಗಾಗಿ ಏಜೆಂಟನ ಜತೆ ಜಗಳ ದಂಡ. ಕರೆ ಬಂದ ದಿನ, ಹೊತ್ತು, ನಂಬರ್ ಬರೆದು ಬ್ಯಾಂಕಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ. 30 ದಿನದೊಳಗೆ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿಯಾದ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ದೂರು ಹಾಕಬಹುದು. ಶುಲ್ಕವಿಲ್ಲ, ಬೆಂಗಳೂರಿಗೆ ಓಡುವ ಕೆಲಸವೂ ಇಲ್ಲ. ದೂರು ಕೊಟ್ಟ ಮಾತ್ರಕ್ಕೆ ಕಂತು ಮನ್ನಾ ಆಗುವುದಿಲ್ಲ, ಅದನ್ನು ಬೇರೆಯಾಗಿಯೇ ಮಾತಾಡಿಕೊಳ್ಳಿ.