ಲಾಂಗ್ ಮಾರ್ಚ್ 3ಬಿ: ಕೆಳಗಿನ ಹಂತ ಗಟ್ಟಿ, ಮೇಲಿನದ್ದೇ ತಕರಾರು

ಚೀನಾದ ಲಾಂಗ್ ಮಾರ್ಚ್ 3ಬಿ ರಾಕೆಟ್ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಉತ್ತರಿಸಿದ್ದೇವೆ. ಒಂದೇ ವಿಷಯವನ್ನು ಹಲವರು ಕೇಳಿದ್ದಲ್ಲಿ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ಪ್ರಶ್ನೆ: ಸುದ್ದಿಗಳಲ್ಲಿ 3ಎ, 3ಬಿ, 3ಸಿ, 3ಬಿ/ಇ ಅಂತೆಲ್ಲ ಬರುತ್ತದೆ. ಇವೆಲ್ಲ ಬೇರೆ ಬೇರೆ ರಾಕೆಟ್ಟುಗಳೇ?

ಉತ್ತರ: ಒಂದೇ ಕುಟುಂಬದವು. ನಡುವಿನ ಮೂರು ಹಂತದ ದೇಹ ಹೆಚ್ಚುಕಡಿಮೆ ಒಂದೇ, ಪಕ್ಕಕ್ಕೆ ಕಟ್ಟುವ ಬೂಸ್ಟರುಗಳ ಲೆಕ್ಕ ಬೇರೆ. 3ಎಗೆ ಬೂಸ್ಟರ್ ಇಲ್ಲ, 3ಸಿಗೆ ಎರಡು, 3ಬಿಗೆ ನಾಲ್ಕು. ಭೂಸ್ಥಿರ ವರ್ಗಾವಣೆ ಕಕ್ಷೆಗೆ (ಉಪಗ್ರಹ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಭೂಸ್ಥಿರ ಕಕ್ಷೆಗೆ ಹೋಗುವ ದಾರಿಯ ಕಕ್ಷೆ) ಕ್ರಮವಾಗಿ 2.6, 3.8 ಮತ್ತು 5.1 ಟನ್ ಒಯ್ಯುತ್ತವೆ. ಅಕ್ಷರದ ಸರದಿ ನೋಡಿ ಹಾರಿದ ಸರದಿಯನ್ನು ಊಹಿಸಬೇಡಿ: 3ಎ 1994ರಲ್ಲಿ, 3ಬಿ 1996ರಲ್ಲಿ ಹಾರಿದರೆ 3ಸಿ ಹಾರಿದ್ದು 2008ರಲ್ಲಿ.

'ಇ' ಅಂದರೆ ಬಲಪಡಿಸಿದ ಮಾದರಿ. ಮೊದಲ ಹಂತವನ್ನೂ ಬೂಸ್ಟರುಗಳನ್ನೂ ಉದ್ದ ಮಾಡಿ ಹೆಚ್ಚು ಇಂಧನ ತುಂಬಿದರು. ಎತ್ತರ 54.8 ಮೀಟರಿನಿಂದ 56.3 ಮೀಟರಿಗೆ, ಹೊರಡುವಾಗಿನ ತೂಕ 426 ಟನ್ನಿನಿಂದ 458 ಟನ್ನಿಗೆ, ಹೊರುವ ಶಕ್ತಿ 5.5 ಟನ್ನಿಗೆ ಏರಿತು. ಇದರ ಮೊದಲ ಹಾರಾಟ 2007ರ ಮೇ ತಿಂಗಳಲ್ಲಿ, ನೈಜೀರಿಯಾದ ನೈಜ್‌ಕಾಮ್‌ಸ್ಯಾಟ್-1 ಹೊತ್ತು.

ಒಳಗೇನಿದೆ? ಮೊದಲ ಹಂತಕ್ಕೆ ನಾಲ್ಕು ಎಂಜಿನ್, ನಾಲ್ಕು ಬೂಸ್ಟರಿಗೆ ತಲಾ ಒಂದು. ಎಂಟೂ ಸೇರಿ ನೆಲಮಟ್ಟದಲ್ಲಿ ಕೊಡುವ ನೂಕುಬಲ ಸುಮಾರು 5,900 ಕಿಲೋನ್ಯೂಟನ್. ಇವಕ್ಕೂ ಎರಡನೇ ಹಂತಕ್ಕೂ ಇಂಧನ ಒಂದೇ: ಯುಡಿಎಂಎಚ್ ಎಂಬ ಹೈಡ್ರಜೀನ್ ಜಾತಿಯ ದ್ರವ, ಅದನ್ನು ಉರಿಸಲು ನೈಟ್ರೋಜನ್ ಟೆಟ್ರಾಕ್ಸೈಡ್. ಎರಡೂ ಒಂದಕ್ಕೊಂದು ತಾಗಿದರೆ ಸಾಕು, ಕಿಡಿ ಬೇಡ, ತಾವೇ ಹೊತ್ತಿಕೊಳ್ಳುತ್ತವೆ. ಮೂರನೇ ಹಂತದ ಕತೆಯೇ ಬೇರೆ. ಅಲ್ಲಿರುವುದು ದ್ರವ ಜಲಜನಕ, ದ್ರವ ಆಮ್ಲಜನಕ. ತಲಾ ಎಂಟು ಟನ್ ಆಸುಪಾಸು ನೂಕುವ ಎರಡು ವೈಎಫ್-75 ಎಂಜಿನ್. ಒಮ್ಮೆ ಉರಿದು, ಆರಿ, ಎಂಜಿನ್ ಇಲ್ಲದೆ ಸ್ವಲ್ಪ ಹೊತ್ತು ತೇಲಿ, ಮತ್ತೆ ಹೊತ್ತಿಕೊಳ್ಳಬೇಕು. ಮುಂದಿನ ಉತ್ತರಗಳನ್ನು ಓದುವಾಗ ಈ 'ಮತ್ತೆ ಹೊತ್ತಿಕೊಳ್ಳಬೇಕು' ಎಂಬುದು ನೆನಪಿರಲಿ.

ಪ್ರಶ್ನೆ: ಮೊದಲ ಹಾರಾಟದಲ್ಲೇ ರಾಕೆಟ್ ಹಳ್ಳಿಯ ಪಕ್ಕ ಬಿತ್ತಂತೆ. ಎಂಜಿನ್ ಕೈಕೊಟ್ಟಿತೇ?

ಉತ್ತರ: ಇಲ್ಲ. ಎಂಟೂ ಎಂಜಿನ್ ಕೊನೆಯವರೆಗೆ ಚೆನ್ನಾಗಿಯೇ ಉರಿಯುತ್ತಿದ್ದವು. ತಪ್ಪಿದ್ದು ದಿಕ್ಕು.

1996ರ ಫೆಬ್ರವರಿ 15, ಬೀಜಿಂಗ್ ಸಮಯ ನಸುಕಿನ 3 ಗಂಟೆ 1 ನಿಮಿಷ. ಸಿಚುವಾನ್ ಪ್ರಾಂತದ ಶಿಚಾಂಗ್ ಉಡಾವಣಾ ಕೇಂದ್ರ. ರಾಕೆಟ್ಟಿನ ಮೇಲಿದ್ದದ್ದು ಅಮೆರಿಕದಲ್ಲಿ ತಯಾರಾದ ಇಂಟೆಲ್‌ಸ್ಯಾಟ್ 708. ನೆಲ ಬಿಟ್ಟ ಎರಡೇ ಸೆಕೆಂಡಿಗೆ ರಾಕೆಟ್ ವಾಲತೊಡಗಿತು, 22ನೇ ಸೆಕೆಂಡಿಗೆ ಹತ್ತಿರದ ಗುಡ್ಡಕ್ಕೆ ತಲೆಕೆಳಗಾಗಿ ಬಡಿಯಿತು. ಎಂಟು ಎಂಜಿನ್ ಸೇರಿ ಸೆಕೆಂಡಿಗೆ ಎರಡು ಟನ್ನಿಗೂ ಮಿಕ್ಕಿ ಇಂಧನ ಕುಡಿಯುತ್ತವೆ. ಆ ಲೆಕ್ಕದಲ್ಲಿ ಉರಿದಿದ್ದು 50 ಟನ್ ಇರಬಹುದು. ಮಿಕ್ಕ ಸುಮಾರು 370 ಟನ್, ಬಹುಪಾಲು ಇಂಧನವೇ, ಒಟ್ಟಿಗೆ ನೆಲಕ್ಕೆ ಬಿತ್ತು. ಸ್ಫೋಟ ಅಷ್ಟು ದೊಡ್ಡದಾಗಿದ್ದಕ್ಕೆ ಕಾರಣ ಅದು. ಚೀನಾ ಅಧಿಕೃತವಾಗಿ ಹೇಳಿದ ಸಾವು 6, ಗಾಯಾಳುಗಳು 57. ಹೊರಗಿನವರು ಸಂಖ್ಯೆ ಇದಕ್ಕಿಂತ ಹೆಚ್ಚೆಂದು ವಾದಿಸುತ್ತ ಬಂದಿದ್ದಾರೆ.

ಕಾರಣ ಜಡತ್ವ ವೇದಿಕೆಯಲ್ಲಿತ್ತು. ಗೈರೋಗಳನ್ನು, ಅಂದರೆ ತಿರುಗುವಿಕೆಯನ್ನು ಗುರುತಿಸುವ ಸಾಧನಗಳನ್ನು, ಹೊತ್ತ ಈ ಪುಟ್ಟ ವೇದಿಕೆ, ರಾಕೆಟ್ ಹೇಗೇ ತಿರುಗಲಿ, ತಾನು ಮಾತ್ರ ದಿಕ್ಕು ಬದಲಿಸದೆ ನಿಲ್ಲಬೇಕು. ಅದರ ಸುತ್ತಲಿನ ಚೌಕಟ್ಟುಗಳನ್ನು ಸಣ್ಣ ಮೋಟಾರುಗಳು ತಿರುಗಿಸುತ್ತ ಅದನ್ನು ಕಾಯುತ್ತವೆ. ಹೊರಗಿನ ಒಂದು ಚೌಕಟ್ಟಿನ ಮೋಟಾರಿಗೆ ವಿದ್ಯುತ್ ಕೊಡುವ ಆಂಪ್ಲಿಫೈಯರ್ ಮಾಡ್ಯೂಲಿನಲ್ಲಿ ಚಿನ್ನದ ತಂತಿಯೂ ಅಲ್ಯೂಮಿನಿಯಮ್ಮೂ ಕೂಡುವ ಬೆಸುಗೆ ಬಿಟ್ಟಿತ್ತು. ಮಾಡ್ಯೂಲಿನಿಂದ ಕರೆಂಟ್ ಬರಲಿಲ್ಲ, ಚೌಕಟ್ಟು ತಿರುಗಲಿಲ್ಲ, ವೇದಿಕೆಯೇ ವಾಲಿತು. ಕಂಪ್ಯೂಟರಿಗೆ ಕಂಡಿದ್ದು ರಾಕೆಟ್ ವಾಲಿದಂತೆ. ನೆಟ್ಟಗಿದ್ದ ರಾಕೆಟ್ಟನ್ನು ಅದು 'ಸರಿಪಡಿಸಲು' ಹೊರಟಿತು. ಚಿನ್ನ-ಅಲ್ಯೂಮಿನಿಯಂ ಬೆಸುಗೆ ಎಲೆಕ್ಟ್ರಾನಿಕ್ಸ್‌ನವರಿಗೆ ಹಳೇ ತಲೆನೋವು: ಬಿಸಿ ತಾಗುತ್ತ ಹೋದಂತೆ ಎರಡೂ ಬೆರೆತು ಗಡುಸಾದ, ಸುಲಭಕ್ಕೆ ಬಿರಿಯುವ ಪದರ ಕಟ್ಟುತ್ತದೆ. ಮೀಟರ್ ಹಿಡಿದು ನೋಡಿದ ದಿನ ಸರಿಯಿದ್ದು, ಅದುರಿದ ದಿನ ಬಿಡುತ್ತದೆ. ಮುಂದೆ ಈ ಕುಟುಂಬದ ರಾಕೆಟ್ಟುಗಳಿಗೆ ಲೇಸರ್ ಗೈರೋ ಘಟಕಗಳು ಜೋಡಿಯಾಗಿ ಬಂದವು, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು.

ಎರಡನೇ ಹಾರಾಟ 1997ರ ಆಗಸ್ಟಿನಲ್ಲಿ ನಡೆಯಿತು. ಫಿಲಿಪ್ಪೀನ್ಸಿನ ಅಗಿಲಾ-2 ಸರಿಯಾಗಿ ಕಕ್ಷೆ ಸೇರಿತು.

ಪ್ರಶ್ನೆ: ಆಮೇಲೆ ಅಮೆರಿಕದ ಉಪಗ್ರಹಗಳು ಇದರಲ್ಲಿ ಹೋಗುವುದು ನಿಂತಿದ್ದು ರಾಕೆಟ್ ಮೇಲಿನ ಅಪನಂಬಿಕೆಯಿಂದಲೇ?

ಉತ್ತರ: ಅಪನಂಬಿಕೆಗಿಂತ ಕಾನೂನಿನಿಂದ. ಅಪಘಾತದ ತನಿಖಾ ವರದಿಯನ್ನು ಹೊರಗಿನ ತಜ್ಞರ ಸಮಿತಿಯೂ ಪರಿಶೀಲಿಸಬೇಕೆಂದು ವಿಮಾ ಕಂಪನಿಗಳು ಪಟ್ಟು ಹಿಡಿದವು. ಆ ಸಮಿತಿಯ ಅಭಿಪ್ರಾಯಗಳು ಅಮೆರಿಕ ಸರ್ಕಾರದ ಅನುಮತಿಯಿಲ್ಲದೆ ಚೀನಾದ ಕೈಸೇರಿದವು ಎಂಬುದು ದೊಡ್ಡ ವಿವಾದವಾಯಿತು. 1999ರಲ್ಲಿ ಅಮೆರಿಕ ಸಂಪರ್ಕ ಉಪಗ್ರಹಗಳನ್ನು ಮತ್ತೆ ಶಸ್ತ್ರಾಸ್ತ್ರ ರಫ್ತಿನ ಪಟ್ಟಿಗೆ ಸೇರಿಸಿತು. ಅಮೆರಿಕದ ಬಿಡಿಭಾಗ ಇರುವ ಉಪಗ್ರಹ ಚೀನಾದ ನೆಲಕ್ಕೆ ಹೋಗುವುದೇ ಕಷ್ಟವಾಯಿತು. ಅಂಥ ಭಾಗಗಳಿಲ್ಲದೆ ಯುರೋಪಿನಲ್ಲಿ ಕಟ್ಟಿದ ಕೆಲವು ಉಪಗ್ರಹಗಳು 3ಬಿ ಏರಿದವು. ಜೊತೆಗೆ ಚೀನಾ ಉಪಗ್ರಹ, ರಾಕೆಟ್, ನೆಲದ ಕೇಂದ್ರ ಎಲ್ಲವನ್ನೂ ಸೇರಿಸಿ ಮಾರತೊಡಗಿತು. ವೆನೆಜುವೆಲಾ, ಪಾಕಿಸ್ತಾನ, ಬೊಲಿವಿಯಾ, ಲಾವೋಸ್, ಬೆಲಾರುಸ್, ಅಲ್ಜೀರಿಯಾದ ಸಂಪರ್ಕ ಉಪಗ್ರಹಗಳು ಮೇಲೆ ಹೋದದ್ದು ಈ ದಾರಿಯಲ್ಲೇ.

ಪ್ರಶ್ನೆ: ಒಂದು ಕಡೆ '3ಬಿ ಎರಡು ಸಲ ವಿಫಲ' ಎಂದಿದೆ, ಇನ್ನೊಂದು ಕಡೆ 'ನಾಲ್ಕು ಸಲ'. ಯಾವುದನ್ನು ನಂಬುವುದು?

ಉತ್ತರ: ಎರಡೂ ಸರಿ. 2024ರ ಕೊನೆಯವರೆಗೆ ಉಪಗ್ರಹ ಪೂರ್ತಿ ಕಳೆದುಹೋದದ್ದು ಎರಡು ಸಲ, 1996 ಮತ್ತು 2020ರಲ್ಲಿ. ಉಪಗ್ರಹ ತಪ್ಪು ಕಕ್ಷೆಗೆ ಬಿದ್ದು ಆಮೇಲೆ ತಾನೇ ಮೇಲೇರಿದ್ದು ಎರಡು ಸಲ, 2009 ಮತ್ತು 2017ರಲ್ಲಿ. ಇವನ್ನು 'ಭಾಗಶಃ ವೈಫಲ್ಯ' ಎನ್ನುತ್ತಾರೆ, ಕೆಲವರು ಗೆಲುವಿನ ಖಾತೆಗೂ ಬರೆದುಕೊಳ್ಳುತ್ತಾರೆ. ನಮ್ಮ ಪ್ರಕಾರ ರಾಕೆಟ್ಟಿನ ಲೆಕ್ಕ ಬರೆಯುವಾಗ ಇವೂ ಸೋಲೇ. ಉಪಗ್ರಹ ಉಳಿದದ್ದು ಉಪಗ್ರಹದ ಹೆಚ್ಚುಗಾರಿಕೆ. ಸಂಖ್ಯೆಗಿಂತ ಮುಖ್ಯವಾದದ್ದು ಇನ್ನೊಂದಿದೆ: 1996 ಬಿಟ್ಟರೆ ಉಳಿದ ಮೂರೂ ಮೂರನೇ ಹಂತದಲ್ಲಿ ಆದವು. ವಿಷಕಾರಿ, ಹಳೇಕಾಲದ್ದು ಎಂದು ಬೈಸಿಕೊಳ್ಳುವ ಕೆಳಗಿನ ಎರಡು ಹಂತಗಳು ಆ ಮೂರು ಸಲವೂ ತಮ್ಮ ಕೆಲಸ ಮುಗಿಸಿಯೇ ಕಳಚಿಕೊಂಡವು.

ಪ್ರಶ್ನೆ: ತಪ್ಪು ಕಕ್ಷೆಗೆ ಬಿದ್ದ ಉಪಗ್ರಹ ತಾನಾಗಿ ಮೇಲೇರುವುದು ಹೇಗೆ? ಅದಕ್ಕೇನು ನಷ್ಟ?

ಉತ್ತರ: 3ಬಿ ಸಾಮಾನ್ಯವಾಗಿ ಸಂಪರ್ಕ ಉಪಗ್ರಹವನ್ನು ಬಿಡುವುದು ಸುಮಾರು 200 ಕಿ.ಮೀ. ತಳ, 35,786 ಕಿ.ಮೀ. ತುದಿ ಇರುವ ಉದ್ದನೆಯ ವರ್ಗಾವಣೆ ಕಕ್ಷೆಗೆ. ಅಲ್ಲಿಂದ ಮುಂದಿನದು ಉಪಗ್ರಹದ ಸ್ವಂತ ಎಂಜಿನ್ನಿನ ಕೆಲಸ. ಕಕ್ಷೆಯ ತುದಿಗೆ ಬಂದಾಗಲೆಲ್ಲ ಉರಿಸಿ ತಳವನ್ನು ಎತ್ತುತ್ತ, ಸಮಭಾಜಕಕ್ಕೆ ಕಕ್ಷೆ ಇರುವ ವಾರೆಯನ್ನೂ ತಿದ್ದುತ್ತ ಹೋಗಬೇಕು. ಇದಕ್ಕೆ ಸೆಕೆಂಡಿಗೆ 1,800 ಮೀಟರ್ ಆಸುಪಾಸಿನ ವೇಗ ಬೇಕು. ಅಂದರೆ ಎಂಜಿನ್ನೂ ಇಂಧನವೂ ಉಪಗ್ರಹದಲ್ಲಿ ಹೇಗೂ ಇರುತ್ತವೆ. ರಾಕೆಟ್ ಕಡಿಮೆ ಮಾಡಿದ ಪಾಲನ್ನು ಆ ತೊಟ್ಟಿಯಿಂದಲೇ ತುಂಬಬೇಕು, ಅಷ್ಟೇ.

2009ರ ಆಗಸ್ಟ್ 31ರಂದು ಇಂಡೋನೇಷ್ಯಾದ ಪಲಾಪಾ-ಡಿ ಹಾರಿದಾಗ ಮೂರನೇ ಹಂತದ ಎರಡನೇ ಉರಿಯಲ್ಲಿ ಒಂದು ವೈಎಫ್-75 ಪೂರ್ತಿ ಶಕ್ತಿ ಕೊಡಲಿಲ್ಲ. ಅದರ ಗ್ಯಾಸ್ ಜನರೇಟರ್ (ಎಂಜಿನ್ನಿನ ಪಂಪುಗಳನ್ನು ತಿರುಗಿಸುವ ಬಿಸಿ ಅನಿಲ ಹುಟ್ಟಿಸುವ ಭಾಗ) ಸುಟ್ಟು ತೂತಾಗಿತ್ತು. ದ್ರವ ಜಲಜನಕದ ಇಂಜೆಕ್ಟರಿನಲ್ಲಿ ಮಂಜು ಕಟ್ಟಿ ದಾರಿ ಮುಚ್ಚಿದ್ದು ಮೂಲ ಕಾರಣವಿರಬೇಕೆಂದು ತನಿಖೆ ಹೇಳಿತು. ದ್ರವ ಜಲಜನಕದ ಉಷ್ಣತೆ ಮೈನಸ್ 253 ಡಿಗ್ರಿ. ಕೊಳವೆಯಲ್ಲಿ ಒಂದಿಷ್ಟು ತೇವವೋ ಬೇರೆ ಅನಿಲವೋ ಉಳಿದಿದ್ದರೆ ಅದು ಕಲ್ಲಾಗುತ್ತದೆ. ಅದಕ್ಕೇ ತುಂಬುವ ಮೊದಲು ಹೀಲಿಯಂ ಹಾಯಿಸಿ ಕೊಳವೆಗಳನ್ನು ಶುಚಿ ಮಾಡುವುದು. ಹೀಲಿಯಂ ಒಂದೇ ಆ ಚಳಿಯಲ್ಲೂ ಅನಿಲವಾಗಿ ಉಳಿಯುವುದು.

ಕಕ್ಷೆಯ ತುದಿ 35,786 ಕಿ.ಮೀ. ಬದಲು ಸುಮಾರು 21,000 ಕಿ.ಮೀ.ಗೆ ನಿಂತಿತು. ವೇಗದ ಲೆಕ್ಕದಲ್ಲಿ ಕೊರತೆ ಸೆಕೆಂಡಿಗೆ ಸುಮಾರು 350 ಮೀಟರ್. 4.1 ಟನ್ನಿನ ಉಪಗ್ರಹಕ್ಕೆ ಇದು 400 ಕಿಲೋಗೂ ಮಿಕ್ಕಿದ ಇಂಧನ. ಭೂಸ್ಥಿರ ಕಕ್ಷೆಯಲ್ಲಿ ಜಾಗ ಬಿಟ್ಟು ಜರುಗದಂತೆ ನಿಲ್ಲಲು ವರ್ಷಕ್ಕೆ, ಸೆಕೆಂಡಿಗೆ 50 ಮೀಟರ್‌ನಷ್ಟು ವೇಗ ಬೇಕು. ಮೇಲೇರಲು ಸುರಿದ ಪ್ರತಿ ಹನಿಯೂ ಆಯುಷ್ಯದಿಂದಲೇ ಕಳೆಯುತ್ತದೆ. ಪಲಾಪಾ-ಡಿ ತನ್ನ ಜಾಗ ಸೇರಿತು, ಆದರೆ ಹದಿನೈದು ವರ್ಷ ಬಾಳಬೇಕಾದದ್ದು ಸುಮಾರು ಹತ್ತು ವರ್ಷಕ್ಕೆ ಇಳಿಯಿತು.

2017ರ ಜೂನ್ 19ರ ಚೈನಾಸ್ಯಾಟ್-9ಎ ಕತೆ ಇದಕ್ಕಿಂತ ಸೂಕ್ಷ್ಮ. ಎರಡು ಉರಿಗಳ ನಡುವೆ ಮೂರನೇ ಹಂತ ತೇಲುವಾಗ ಅದು ಉರುಳದಂತೆ ಹಿಡಿಯುವ ಸಣ್ಣ ಥ್ರಸ್ಟರ್ ಕೆಟ್ಟಿತು. ತೂಕವಿಲ್ಲದ ಸ್ಥಿತಿಯಲ್ಲಿ ತೇಲುವ ಹೊತ್ತು ನೋಡಲು ಸುಮ್ಮನೆ ಕಂಡರೂ ಅಪಾಯದ್ದು: ದಿಕ್ಕು ಸರಿಯಿರಬೇಕು, ದ್ರವಗಳು ತೊಟ್ಟಿಯ ತಳದಲ್ಲಿ ಕೂತಿರಬೇಕು, ಆಗ ಮಾತ್ರ ಎಂಜಿನ್ ಮತ್ತೆ ಸರಿಯಾಗಿ ಹತ್ತುತ್ತದೆ. ಉಪಗ್ರಹ ಸಿಕ್ಕಿದ್ದು 193 × 16,357 ಕಿ.ಮೀ. ಕಕ್ಷೆಯಲ್ಲಿ, ಕೊರತೆ ಸೆಕೆಂಡಿಗೆ ಸುಮಾರು 540 ಮೀಟರ್. ಹತ್ತು ಸಲ ಎಂಜಿನ್ ಉರಿಸಿ ಜುಲೈ 5ಕ್ಕೆ ಅದನ್ನು 101.4 ಡಿಗ್ರಿ ಪೂರ್ವ ರೇಖಾಂಶಕ್ಕೆ ಮುಟ್ಟಿಸಿದರು. ವರ್ಷಕ್ಕೆ 50 ಮೀಟರಿನ ಲೆಕ್ಕ ಹಾಕಿದರೆ ಎಷ್ಟು ವರ್ಷ ಹೋಯಿತೆಂದು ನೀವೇ ಅಂದಾಜಿಸಬಹುದು.

ಪ್ರಶ್ನೆ: ಹಾಗಾದರೆ 2020ರಲ್ಲಿ ಉಪಗ್ರಹವನ್ನು ಏಕೆ ಉಳಿಸಿಕೊಳ್ಳಲಾಗಲಿಲ್ಲ?

ಉತ್ತರ: ಕಕ್ಷೆಯೇ ಸಿಗಲಿಲ್ಲ. 2020ರ ಏಪ್ರಿಲ್ 9ರಂದು ಮೂರನೇ ಹಂತದ ಎರಡು ಎಂಜಿನ್ನುಗಳಲ್ಲಿ ಒಂದು ಹೊತ್ತಿಕೊಳ್ಳಲಿಲ್ಲ. ಒಂದರ ಬಲ ಸಾಲದೆ ಹಂತವೂ ಉಪಗ್ರಹವೂ ವಾತಾವರಣಕ್ಕೆ ಮರಳಿ ಉರಿದವು. ಗುವಾಮ್ ದ್ವೀಪದವರು ಆಕಾಶದಲ್ಲಿ ಆ ಬೆಂಕಿಯ ಗೆರೆಗಳನ್ನು ಕಂಡರು. ಕಳೆದುಹೋದದ್ದು 5.55 ಟನ್ನಿನ ಪಲಾಪಾ-ಎನ್1. ಅದು ಹೊರಟಿದ್ದು ಆಯುಷ್ಯ ಕುಗ್ಗಿದ್ದ ಪಲಾಪಾ-ಡಿಯ ಜಾಗ ತುಂಬಲು. ಇಂಡೋನೇಷ್ಯಾಕ್ಕೆ ಒಂದೇ ಹಂತ ಎರಡು ಸಲ ಕೈಕೊಟ್ಟಂತಾಯಿತು.

ಪ್ರಶ್ನೆ: ಇಷ್ಟು ತಕರಾರಿದ್ದರೂ ಚೀನಾ ಇದನ್ನೇ ಏಕೆ ನೆಚ್ಚಿಕೊಂಡಿದೆ?

ಉತ್ತರ: ಏಕೆಂದರೆ ಒಟ್ಟು ಲೆಕ್ಕ ಕೆಟ್ಟದ್ದಲ್ಲ. 3ಎ, 3ಬಿ, 3ಸಿ ಸೇರಿ ಈ ಕುಟುಂಬದ ನೂರನೇ ಹಾರಾಟ 2019ರ ಏಪ್ರಿಲ್ 20ರಂದು ಆಯಿತು. ಬೈದೋ-3 ದಿಕ್ಸೂಚಿ ಜಾಲದ 30 ಉಪಗ್ರಹಗಳೂ 2017ರ ನವೆಂಬರಿನಿಂದ 2020ರ ಜೂನ್‌ವರೆಗೆ 18 ಹಾರಾಟಗಳಲ್ಲಿ 3ಬಿ ಮೇಲೆಯೇ ಹೋದವು. ಸುಮಾರು 21,500 ಕಿ.ಮೀ. ಎತ್ತರದ 24 ಉಪಗ್ರಹಗಳನ್ನು ಎರಡೆರಡಾಗಿ 12 ಸಲ ಕಳಿಸುವಾಗ ಮೇಲೆ ಯುವಾನ್‌ಝೆಂಗ್-1 ಎಂಬ ಇನ್ನೊಂದು ಹಂತ ಕೂರಿಸಿದರು. ಅದು ಉಪಗ್ರಹಗಳನ್ನು ನೇರ ಕೊನೆಯ ಕಕ್ಷೆಯಲ್ಲೇ ಬಿಟ್ಟಿತು, ಅವು ಸ್ವಂತ ಇಂಧನ ಸುಡಬೇಕಾಗಲಿಲ್ಲ. ಏಪ್ರಿಲ್ 9ರ ಸೋಲಾಗಿ ಎರಡೂವರೆ ತಿಂಗಳಿಗೆ, ಜೂನ್ 23ಕ್ಕೆ, ಜಾಲದ ಕೊನೆಯ ಉಪಗ್ರಹ ಹಾರಿತು. ಅದೂ ಜೂನ್ 16ಕ್ಕೆ ನಿಗದಿಯಾಗಿ, ರಾಕೆಟ್ಟಿನಲ್ಲಿ ದೋಷ ಕಂಡು ಒಂದು ವಾರ ಮುಂದೆ ಹೋಗಿತ್ತು. ಚಂದ್ರನ ಮೇಲಿಳಿದ ಛಾಂಗ್‌ಅ-3 (2013), ಚಂದ್ರನ ಆಚೆ ಮಗ್ಗುಲಿಗೆ ಇಳಿದ ಛಾಂಗ್‌ಅ-4 (ಹಾರಿದ್ದು 2018) ಎರಡನ್ನೂ ಹೊತ್ತದ್ದು ಇದೇ ರಾಕೆಟ್.

ಪ್ರಶ್ನೆ: ಹಳ್ಳಿಗಳಲ್ಲಿ ರಾಕೆಟ್ ತುಂಡು ಬಿದ್ದು ಕಿತ್ತಳೆ ಬಣ್ಣದ ಹೊಗೆ ಏಳುವ ವಿಡಿಯೊಗಳು ನಿಜವೇ? ಆ ಹೊಗೆ ಏನು?

ಉತ್ತರ: ನಿಜವಾದವು ಹಲವಿವೆ. ಶಿಚಾಂಗ್ ಸಮುದ್ರದಿಂದ ದೂರ ಒಳನಾಡಿನಲ್ಲಿದೆ. ರಾಕೆಟ್ ಪೂರ್ವಕ್ಕೆ ಹೋಗುವಾಗ, ಹೊರಟು ಎರಡು ನಿಮಿಷದ ಮೇಲೆ ಕಳಚುವ ಬೂಸ್ಟರುಗಳು ನೆಲದ ಮೇಲೆಯೇ ಬೀಳಬೇಕು. 2019ರ ನವೆಂಬರ್ 23ರ ಬೈದೋ ಉಡಾವಣೆಯಲ್ಲಿ ಒಂದು ಬೂಸ್ಟರ್ ಗುವಾಂಗ್‌ಶಿ ಪ್ರದೇಶದಲ್ಲಿ ಮನೆಯ ಪಕ್ಕಕ್ಕೇ ಬಿತ್ತು. ಕಿತ್ತಳೆ-ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್, ತೊಟ್ಟಿಯಲ್ಲಿ ಉಳಿದ ಟೆಟ್ರಾಕ್ಸೈಡ್ 21 ಡಿಗ್ರಿಗೇ ಕುದಿದು ಹೊರಬರುವುದು. ಉಸಿರಿಗೆ ಹೋದರೆ ಒಳಗೆ ನೀರಿನೊಂದಿಗೆ ಸೇರಿ ಆಮ್ಲವಾಗುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವೊಮ್ಮೆ ಗಂಟೆಗಳಾದ ಮೇಲೆ ಶುರುವಾಗುವುದರಿಂದ 'ಏನೂ ಆಗಲಿಲ್ಲ' ಎಂದು ಮನೆಗೆ ಹೋದವರೂ ಸುರಕ್ಷಿತರಲ್ಲ. ಇನ್ನೊಂದು ದ್ರವ ಯುಡಿಎಂಎಚ್‌ಗೆ ಬಣ್ಣವಿಲ್ಲ, ಕೊಳೆತ ಮೀನಿನಂಥ ವಾಸನೆ. ಚರ್ಮದಿಂದಲೂ ಒಳಹೋಗುತ್ತದೆ, ಕ್ಯಾನ್ಸರ್‌ಕಾರಕವೆಂಬ ಶಂಕೆಯೂ ಇದೆ. ಹೊಗೆ ಕಾಣದಿದ್ದರೂ ತುಂಡಿನ ಹತ್ತಿರ ಹೋಗಬಾರದೆನ್ನುವುದು ಅದಕ್ಕೆ.

ಬೀಳುವ ಪ್ರದೇಶ ಮೊದಲೇ ಗುರುತಾಗಿರುತ್ತದೆ, ಅಲ್ಲಿಯ ಆಡಳಿತ ಜನರನ್ನು ಮನೆಯಿಂದ ಹೊರಗೆ, ಬಯಲಿಗೆ ಕಳಿಸುತ್ತದೆ. ಬೂಸ್ಟರಿಗೆ ಪ್ಯಾರಾಚೂಟ್ ಕಟ್ಟಿ ಬೀಳುವ ಜಾಗವನ್ನು ಕಿರಿದಾಗಿಸುವ ಪ್ರಯೋಗ 2020ರಲ್ಲಿ ಶುರುವಾಯಿತು. ಪ್ಯಾರಾಚೂಟಿನಿಂದ ಬೀಳುವ ಜಾಗ ನಿಖರವಾಗಬಹುದು, ವಿಷವೇನೂ ಕಮ್ಮಿಯಾಗದು. ನಿಜವಾದ ಪರಿಹಾರ ಹೈನಾನ್ ದ್ವೀಪದ ವೆನ್‌ಚಾಂಗ್‌ನಿಂದ ಸಮುದ್ರದ ಮೇಲೆ ಹಾರುವ, ಸೀಮೆಎಣ್ಣೆ-ದ್ರವ ಆಮ್ಲಜನಕದ ಲಾಂಗ್ ಮಾರ್ಚ್ 7ಎ. ಅದರ ಮೊದಲ ಹಾರಾಟ 2020ರ ಮಾರ್ಚ್ 16ರಂದು ಸೋತಿತು, 2021ರ ಮಾರ್ಚಿನಲ್ಲಿ ಎರಡನೆಯದು ಗೆದ್ದಿತು.

ಪ್ರಶ್ನೆ: ಒಂದೇ ಉಡಾವಣೆಗೆ ಎರಡೆರಡು ದಿನಾಂಕ ಕಾಣುತ್ತವೆ. ಏಕೆ?

ಉತ್ತರ: ಚೀನಾದ ಮೂಲಗಳು ಬೀಜಿಂಗ್ ಸಮಯ ಬರೆಯುತ್ತವೆ, ಹೊರಗಿನ ಪಟ್ಟಿಗಳು ಅಂತರರಾಷ್ಟ್ರೀಯ ಪ್ರಮಾಣ ಸಮಯ ಬರೆಯುತ್ತವೆ. ಬೀಜಿಂಗ್ 8 ಗಂಟೆ ಮುಂದು. 1996ರ ನಸುಕಿನ 3:01 ಹೊರಗಿನವರಿಗೆ ಫೆಬ್ರವರಿ 14ರ 19:01. ನೀವೇ ಪಟ್ಟಿ ಮಾಡುತ್ತಿದ್ದರೆ ಯಾವುದಾದರೂ ಒಂದನ್ನೇ ಹಿಡಿಯಿರಿ. ಬೆರೆಸಿದರೆ ಒಂದೇ ಉಡಾವಣೆ ಎರಡು ಸಾಲಿನಲ್ಲಿ ಕೂತುಬಿಡುತ್ತದೆ.