ಆದಿವಾಸಿ ಕವಿಯ ಸಾಕ್ಷ್ಯಚಿತ್ರದಲ್ಲಿ ಕವಿತೆಯ ಹಿಂದೆ ಯಾವ ಸಂಗೀತ ಹಾಕಬೇಕು?

ಆದಿವಾಸಿ ಕವಿಯೊಬ್ಬರ ಬಗ್ಗೆ 20 ನಿಮಿಷದ ಸಾಕ್ಷ್ಯಚಿತ್ರ ಮಾಡ್ತಿದ್ದೀನಿ, ಅವರು ಓದುವಾಗ ಹಿಂದೆ ಯಾವ ಸಂಗೀತ, ಯಾವ ದೃಶ್ಯ ಹಾಕಲಿ ಅಂತ ಕೇಳಿದ್ದೀರಿ. ಏನೂ ಹಾಕಬೇಡಿ.

ಹನುಮಂತನಗರದ ಒಂದು ಎಡಿಟಿಂಗ್ ರೂಮಿನಲ್ಲಿ ಕೂತು ಈ ತಪ್ಪು ಮಾಡಿದವನು ನಾನು. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಹಿರಿಯರೊಬ್ಬರು ತಮ್ಮ ಜನರ ಗೊರುಕನ ಅನ್ನೋ ಹಾಡು ಹಾಡಿದ್ದರು. ನಾನು ಅದಕ್ಕೆ ಕೊಳಲು ಸೇರಿಸಿ, ಮಂಜು ಮುಸುಕಿದ ಕಾಡು ತೋರಿಸಿದ್ದೆ. ಅವರು ಬೆಂಗಳೂರಿಗೆ ಬಂದಾಗ ಕೂರಿಸಿ ಹಾಕಿ ತೋರಿಸಿದೆ. ಸ್ವಲ್ಪ ಹೊತ್ತು ಕೇಳಿ, "ನಾನು ಹಾಡ್ತಾ ಇದ್ರೆ ಅದ್ಯಾರಪ್ಪ ಮಧ್ಯೆ ಊದ್ತಿರೋದು?" ಅಂದರು. ಕೊಳಲು ತೆಗೆದ ಮೇಲೆ ನೋಡಿ, ಸಾಲು ಮುಗಿದಾಗ ಅವರು ಎಳೆದುಕೊಳ್ಳುವ ಉಸಿರು ನನಗೇ ಮೊದಲ ಸಲ ಕೇಳಿಸಿತು.

ಮಾದರಿ ಬೇಕಿದ್ದರೆ ಆಸ್ಟ್ರೇಲಿಯಾದ ಮೂಲನಿವಾಸಿ ಕವಯಿತ್ರಿ ಊಡ್ಗೆರೂ ನೂನಕಲ್ ಬಗ್ಗೆ ಓದಿಕೊಳ್ಳಿ. 1920ರಲ್ಲಿ ಕ್ವೀನ್ಸ್‌ಲ್ಯಾಂಡಿನ ಒಂದು ದ್ವೀಪದಲ್ಲಿ ಹುಟ್ಟಿದವರು. 13ಕ್ಕೇ ಶಾಲೆ ಬಿಟ್ಟು ಮನೆಗೆಲಸಕ್ಕೆ ಸೇರಿದರು. 1964ರಲ್ಲಿ ಬಂದ ಅವರ ಸಂಕಲನ ಅಲ್ಲಿನ ಮೂಲನಿವಾಸಿಯೊಬ್ಬರ ಮೊದಲ ಕವನ ಪುಸ್ತಕ. 1974ರಲ್ಲಿ ಅವರಿದ್ದ ವಿಮಾನ ಅಪಹರಣವಾದಾಗ, ವಾಂತಿ ಮಾಡೋಕೆ ಸೀಟಿನ ಮುಂದೆ ಇಟ್ಟಿರ್ತಾರಲ್ಲ, ಆ ಕಾಗದದ ಚೀಲದ ಮೇಲೆ ಕವಿತೆ ಬರೆದಿದ್ದರು! ಇಂಥದ್ದು ಸಿಕ್ಕರೆ ಕಾಡಿನ ಡ್ರೋನ್ ಶಾಟ್ ಯಾಕೆ ಬೇಕು ಹೇಳಿ. 1970ರ ದಶಕದ ಆರಂಭದಲ್ಲೇ ತಮ್ಮ ದ್ವೀಪಕ್ಕೆ ವಾಪಸ್ ಹೋಗಿದ್ದ ಅವರು, ಕ್ಯಾರವಾನಿನಲ್ಲಿ ಇದ್ದುಕೊಂಡು, ಬಂದ ಸಾವಿರಾರು ಮಕ್ಕಳಿಗೆ ಆ ನೆಲದ ಪಾಠ ಹೇಳಿದರು. ನಿಮ್ಮ ಕವಿಯನ್ನೂ ಸ್ಟುಡಿಯೋಗೆ ಕರೆಸಬೇಡಿ, ಅವರ ಅಂಗಳಕ್ಕೆ ನೀವೇ ಹೋಗಿ.

ಇನ್ನೊಂದು, ಹೆಸರು. 1977ರಲ್ಲಿ ಫ್ರಾಂಕ್ ಹೈಮನ್ಸ್ ಎಂಬ ನಿರ್ದೇಶಕ ಊಡ್ಗೆರೂ ಬಗ್ಗೆ 'ಶ್ಯಾಡೋ ಸಿಸ್ಟರ್' ಚಿತ್ರ ಮಾಡಿದಾಗ ಅವರ ಹೆಸರಿನ್ನೂ ಕ್ಯಾತ್ ವಾಕರ್. ಬಿಳಿಯರು ಬಂದು 200 ವರ್ಷವಾದ ಸಂಭ್ರಮ 1988ಕ್ಕೆ ನಿಗದಿಯಾಗಿತ್ತಲ್ಲ, ಅದನ್ನು ವಿರೋಧಿಸಿ 1987ರಲ್ಲಿ ಬ್ರಿಟಿಷ್ ಬಿರುದನ್ನು ಹಿಂದಿರುಗಿಸಿದರು, ತಮ್ಮ ಜನದ ಹೆಸರನ್ನೇ ಇಟ್ಟುಕೊಂಡರು. ಊಡ್ಗೆರೂ ಅಂದರೆ ಕಾಗದದಂಥ ತೊಗಟೆಯ ಒಂದು ಮರ. ರೇಷನ್ ಕಾರ್ಡಿನಲ್ಲಿರೋ ಹೆಸರನ್ನೇ ಟೈಟಲ್‌ಗೆ ಹಾಕಿಬಿಡಬೇಡಿ, ಹೇಗೆ ಬರೀಲಿ ಅಂತ ಕವಿಯನ್ನೇ ಕೇಳಿ.

ಆಸ್ಟ್ರೇಲಿಯಾದಲ್ಲಿ ತೀರಿಕೊಂಡವರ ಚಿತ್ರ, ದನಿ ಇರುವ ಸಿನಿಮಾಗಳ ಮೊದಲಿಗೆ ಮೂಲನಿವಾಸಿ ನೋಡುಗರಿಗೆ ಎಚ್ಚರಿಕೆಯ ಸಾಲು ಹಾಕುವ ರೂಢಿಯಿದೆ. ತಾವು ಹೋದಮೇಲೆ ಈ ಚಿತ್ರ ಏನಾಗಬೇಕು ಅಂತ ನಿಮ್ಮ ಕವಿಯ ಹತ್ತಿರ ಈಗಲೇ ಮಾತಾಡಿ. ಕೇಳೋಕೆ ಮುಜುಗರ ಆಗುತ್ತೆ, ನಾನು ಕೇಳದೇ ಬಿಟ್ಟಿದ್ದೆ. ಈಗ ಆ ಹಿರಿಯರಿಲ್ಲ, ಹಾರ್ಡ್‌ಡಿಸ್ಕ್ ಬೀರುವಿನಲ್ಲೇ ಇದೆ.