ಓದುಗರ ಪ್ರಶ್ನೆ: ಫ್ಲೈಟ್ ಆಮೇಲೆ, ಮೊದಲು ತಾರೀಖು ನೋಡ್ಕೊಳಿ

ಜೂನ್ 2020ರ ಸಂಚಿಕೆಗೆ ಬಂದ ಪತ್ರಗಳಲ್ಲಿ ಕೊರೋನಾಗೆ ವಿಮಾನ ನಿಂತು ಹೊರದೇಶದಲ್ಲಿ ಸಿಕ್ಕಾಕೊಂಡಿರೋರದ್ದೇ ಜಾಸ್ತಿ. ಮೂರು ಪತ್ರ ತಗೊಂಡಿದೀನಿ, ಇದರಲ್ಲಿರೋ ಫೀ, ನಿಯಮ, ವಿಮಾನದ ಮಾತೆಲ್ಲ ಆ ಹೊತ್ತಿನವು.

ಪ್ರಶ್ನೆ: ನಮಸ್ಕಾರ ಮೇಡಂ. ನಾನೂ ನಮ್ಮ ಯಜಮಾನ್ರೂ ಸೊಸೆ ಬಾಣಂತನಕ್ಕೆ ಅಂತ ಡಿಸೆಂಬರ್ ಕೊನೇಲಿ ನ್ಯೂಜೆರ್ಸಿಗೆ ಬಂದ್ವಿ, ಏಪ್ರಿಲ್‌ಗೆ ವಾಪಸ್ ಟಿಕೆಟ್ ಇತ್ತು, ಕ್ಯಾನ್ಸಲ್ ಆಯ್ತು, ಮೇ ತಿಂಗಳಿಗೆ ಹಾಕಿಸಿದ್ವಿ, ಅದೂ ಹೋಯ್ತು. ಎರಡು ಬೆಡ್‌ರೂಮಿನ ಮನೆ, ಮಗ ಒಂದು ರೂಮಲ್ಲಿ ಬಾಗಿಲು ಹಾಕ್ಕೊಂಡು ಕಾಲ್ ಮೇಲೆ ಕಾಲ್, ಸೊಸೆ ಇನ್ನೊಂದ್ರಲ್ಲಿ ಮಗೂನ ಮಲಗಿಸ್ಕೊಂಡು ಲ್ಯಾಪ್‌ಟಾಪ್ ಹಿಡ್ಕೊಂಡಿರ್ತಾಳೆ, ನಾವಿಬ್ರೂ ಹಾಲಲ್ಲಿ. ಇವ್ರು ಬ್ಯಾಂಕಲ್ಲಿದ್ದು ರಿಟೈರ್ ಆದೋರು, ಬೆಳಗ್ಗೆ ಎದ್ದ ತಕ್ಷಣ ಫೋನಲ್ಲಿ ಊರಿನ ನ್ಯೂಸು ಜೋರಾಗಿ ಹಾಕ್ಕೊಂಡು "ನಮ್ಮ ಹೆಣ ಇಲ್ಲೇ ಬೀಳೋದು" ಅಂತ ಶುರು ಮಾಡ್ತಾರೆ. ಮೊನ್ನೆ ಮಗ ಮೀಟಿಂಗ್ ಮಧ್ಯ ಎದ್ದು ಬಂದು "ಅಪ್ಪಾ, ಸ್ವಲ್ಪ ವಾಲ್ಯೂಮ್ ಕಮ್ಮಿ ಮಾಡಿ" ಅಂದ, ಅಷ್ಟಕ್ಕೇ ಎರಡು ದಿನ ಮಗನ ಜೊತೆ ಊಟಕ್ಕೆ ಕೂತಿಲ್ಲ. ಬಿಪಿ, ಶುಗರ್ ಎರಡೂ ಇದೆ, ಊರಿಂದ ತಂದ ಮಾತ್ರೆ ಮುಗೀತಾ ಬಂತು. ವೀಸಾ ಹತ್ತು ವರ್ಷದ್ದು, ಅದರ ಚಿಂತೆ ಇಲ್ಲ. ಊರಿಗೆ ಕರ್ಕೊಂಡು ಹೋಗೋ ನಮ್ಮ ಸರ್ಕಾರದ ಫ್ಲೈಟ್‌ಗೆ ಹೆಸರು ಕೊಡೋದಾ, ಇಲ್ಲೇ ಇರೋದಾ?
— ಹಾಸನದ ಓದುಗರು

ಉತ್ತರ: ಅಮ್ಮಾ, ಬೇರೆ ಎಲ್ಲ ಓದಿ ಸುಮ್ನಿದ್ದೆ, "ವೀಸಾ ಚಿಂತೆ ಇಲ್ಲ" ಅನ್ನೋದು ಓದಿ ನನಗೆ ಚಿಂತೆ ಹತ್ಕೊಳ್ತು. ಹತ್ತು ವರ್ಷದ ವೀಸಾ ಇರೋದು ಆ ದೇಶದ ಬಾಗಿಲ ತನಕ ಹೋಗೋಕೆ. ಒಳಗೆ ಎಷ್ಟು ದಿನ ಇರಬಹುದು ಅಂತ ಹೇಳೋದು ಐ-94 ಅನ್ನೋ ಬೇರೆ ದಾಖಲೆ, ಏರ್‌ಪೋರ್ಟಲ್ಲಿ ಆಫೀಸರ್ ಸಾಮಾನ್ಯವಾಗಿ ಆರು ತಿಂಗಳು ಕೊಟ್ಟಿರ್ತಾರೆ. ಡಿಸೆಂಬರ್ ಕೊನೆಗೆ ಬಂದಿದ್ರೆ ಈ ಜೂನ್ ಕೊನೆಗೇ ಮುಗಿಯುತ್ತೆ ಅಂತ ಲೆಕ್ಕ! ಇವತ್ತೇ ಮಗನಿಗೆ ಹೇಳಿ, ಅಮೆರಿಕದ ಕಸ್ಟಮ್ಸ್‌ನೋರ ವೆಬ್‌ಸೈಟಲ್ಲಿ ಪಾಸ್‌ಪೋರ್ಟ್ ನಂಬರ್ ಹಾಕಿದ್ರೆ ತಾರೀಖು ಬರುತ್ತೆ. (ಇಷ್ಟು ದಿನ ಆ ಹುಡುಗ ಇದನ್ನ ನೋಡಿಲ್ಲ ಅಂದ್ರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತೆ, ಆದ್ರೆ ಎಳೆ ಮಗು ಇರೋ ಮನೆ, ಹೋಗ್ಲಿ.)

ಆ ತಾರೀಖಿನೊಳಗೆ ಹೊರಡೋಕಾಗಲ್ಲ ಅನಿಸಿದ್ರೆ ಐ-539 ಅನ್ನೋ ಫಾರ್ಮಲ್ಲಿ ಇನ್ನಷ್ಟು ದಿನ ಇರೋಕೆ ಅರ್ಜಿ ಹಾಕ್ಬೇಕು, ತಾರೀಖು ಮುಗಿಯೋ ಮುಂಚೆ. 2020ರಲ್ಲಿ ಫೀ 370 ಡಾಲರ್, ಅದರ ಮೇಲೆ ಬೆರಳಚ್ಚಿಗೆ ಒಬ್ಬೊಬ್ರಿಗೂ 85 ಇತ್ತು. ಕ್ಯಾನ್ಸಲ್ ಆದ ಎರಡೂ ಟಿಕೆಟ್, ಖರ್ಚು ನಾನು ನೋಡ್ಕೋತೀನಿ ಅಂತ ಮಗ ಬರೆದ ಪತ್ರ, ಅವನ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೇಲಿಡಿ. ಟೈಮಿಗೆ ಹಾಕಿದ್ರೆ ಉತ್ತರಕ್ಕೆ ಕಾಯೋ ದಿನಗಳು ತಲೆನೋವಾಗಲ್ಲ, ಮಧ್ಯ ಸೀಟು ಸಿಕ್ಕಿದ್ರೆ ಹೊರಟುಬಿಡಬಹುದು. ಹಾಕದೇ ದಿನ ಮೀರಿದ್ರೆ ಆ ಹತ್ತು ವರ್ಷದ ವೀಸಾನೇ ರದ್ದು, ಮೊಮ್ಮಗು ನೋಡೋಕೆ ಮತ್ತೆ ಹೋಗ್ಬೇಕಂದ್ರೆ ಮೊದಲಿಂದ ಇಂಟರ್‌ವ್ಯೂ.

ಇನ್ನು ಫ್ಲೈಟು. ಮಾರ್ಚ್ 22ಕ್ಕೆ ನಮ್ಮಲ್ಲಿ ವಿದೇಶಿ ವಿಮಾನ ಇಳಿಯೋದು ನಿಂತಿದ್ದು, ಮೇ 7ರಿಂದ ಹೊರಗೆ ಸಿಕ್ಕಾಕೊಂಡೋರನ್ನ ಕರ್ಕೊಂಡು ಬರೋ ಸರ್ಕಾರದ ವಿಮಾನಗಳು ವಂದೇ ಭಾರತ್ ಅಂತ ಶುರುವಾಯ್ತು, ಬೆಂಗಳೂರಿಗೆ ಮೊದಲನೇದು ಲಂಡನ್ನಿಂದ ಮೇ 11ರ ಬೆಳಗಿನ ಜಾವ ಬಂತು. ಹೆಸರು ಕೊಡಿ, ಖಂಡಿತ ಕೊಡಿ, ನ್ಯೂಯಾರ್ಕ್ ಕಾನ್ಸುಲೇಟ್ ವೆಬ್‌ಸೈಟಲ್ಲಿ ಇಬ್ಬರದ್ದೂ ಬೇರೆ ಬೇರೆ ನೋಂದಣಿ ಮಾಡಿಸಿ. ವಯಸ್ಸಾದೋರಿಗೆ, ಕಾಯಿಲೆ ಇರೋರಿಗೆ, ಗರ್ಭಿಣಿಯರಿಗೆ ಆದ್ಯತೆ ಇದೆ. ಆದ್ರೆ ಪುಕ್ಕಟೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಅಮೆರಿಕದಿಂದ ತಲೆಗೆ ಸುಮಾರು ಒಂದು ಲಕ್ಷ, ಇಳಿದ ಮೇಲೆ 7 ದಿನ ನಿಮ್ಮದೇ ದುಡ್ಡಲ್ಲಿ ಹೋಟೆಲ್ ಕ್ವಾರಂಟೈನು, ಆಮೇಲೆ 7 ದಿನ ಮನೇಲಿ. ಬಿಪಿ ಶುಗರ್ ಇಟ್ಕೊಂಡು ಅಷ್ಟು ದೂರ ಮಾಸ್ಕ್ ಹಾಕ್ಕೊಂಡು ಕೂತು, ಆಮೇಲೆ ಹೋಟೆಲ್ ರೂಮಲ್ಲಿ ಇಬ್ಬರೇ ಇರೋದು ನಿಮ್ಮಿಂದ ಆಗುತ್ತಾ ಅಂತ ಯೋಚಿಸಿ. ಮಗನ ಮೇಲಿನ ಕೋಪಕ್ಕೆ ಮಾತ್ರ ಹೊರಡಬೇಡಿ.

ಮಾತ್ರೆ ವಿಷಯ. ಊರಿನ ಡಾಕ್ಟರ್ ಚೀಟಿ ಅಲ್ಲಿ ಅಂಗಡಿಯೋರು ತಗೊಳಲ್ಲ, ಸ್ಟ್ರಿಪ್ ಮೇಲಿರೋ ಕಂಪನಿ ಹೆಸರೂ ಅವರಿಗೆ ಗೊತ್ತಾಗಲ್ಲ. ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರದಲ್ಲಿರೋ ಔಷಧಿ ಹೆಸರು ಬರ್ಕೊಳಿ, ಮೆಟ್‌ಫಾರ್ಮಿನ್, ಆಮ್ಲೊಡಿಪಿನ್ ಅಂತೆಲ್ಲ ಇರುತ್ತೆ, ಎಷ್ಟು ಮಿಲಿಗ್ರಾಂ ಅಂತಾನೂ. ಅಲ್ಲಿನ ಡಾಕ್ಟರ್‌ಗೆ ವಿಡಿಯೋ ಕಾಲಲ್ಲಿ ತೋರಿಸಿದ್ರೆ ಬರೆದುಕೊಡ್ತಾರೆ. ಮೆಟ್‌ಫಾರ್ಮಿನ್ ಥರದ ಹಳೇ ಮಾತ್ರೆಗಳು ಅಲ್ಲೂ ದುಬಾರಿ ಅಲ್ಲ, ಡಾಕ್ಟರ್ ಫೀಸೇ ಜಾಸ್ತಿ ಆಗಬಹುದು. ಬರೋವಾಗ ಮಾಡಿಸಿದ ವಿಸಿಟರ್ ಇನ್ಶೂರೆನ್ಸ್ ಮುಗಿದಿದೆಯಾ ನೋಡಿ, ಮುಗಿಯೋ ಮುಂಚೆ ಮುಂದುವರಿಸಿ. ಮೊದಲೇ ಇದ್ದ ಕಾಯಿಲೆಗೆ ಬಹಳಷ್ಟು ಪಾಲಿಸಿ ದುಡ್ಡು ಕೊಡಲ್ಲ, ಆದ್ರೂ ಬಿದ್ದು ಕಾಲು ಮುರ್ಕೊಂಡ್ರೆ ಬೇಕಾಗುತ್ತಲ್ಲ. ಇನ್ನೊಂದು, ಊರಿನ ಸಿಮ್‌ಗೆ ರೀಚಾರ್ಜ್ ಮಾಡಿಸ್ತಾ ಇರಿ. ಸಿಮ್ ಸತ್ತೋದ್ರೆ ಓಟಿಪಿ ಬರಲ್ಲ, ಪೆನ್ಷನ್ ಅಕೌಂಟಿಗೆ ದುಡ್ಡು ಬಂದು ಬಿದ್ದಿದ್ರೂ ಮುಟ್ಟೋಕಾಗಲ್ಲ.

ಯಜಮಾನ್ರ ವಿಷಯಕ್ಕೆ ಬರ್ತೀನಿ. ಹಾಸನದಲ್ಲಿದ್ದಾಗ ಬೆಳಗ್ಗೆ ವಾಕಿಂಗು, ಪೇಪರು, ಹಳೇ ಬ್ಯಾಂಕಿಗೆ ಹೋಗಿ ಒಂದು ಮಾತು, ಬರೋವಾಗ ಕೊತ್ತಂಬರಿ ಸೊಪ್ಪು. ಇಲ್ಲಿ ಯಾರೂ ಅವರನ್ನ ಏನೂ ಕೇಳಲ್ಲ, ಎಲ್ಲಾರೂ ಬಾಗಿಲು ಹಾಕ್ಕೊಂಡಿದಾರೆ. ಬ್ಯಾಂಕಲ್ಲಿ ಇದ್ದೋರು ಅಂದ್ರಲ್ಲ, ಈ ಐ-539 ಅರ್ಜಿ ಕೆಲಸ ಪೂರ್ತಿ ಅವರ ಕೈಗೇ ಕೊಡಿ. ಪ್ರಿಂಟ್ ತೆಗೆಸಿ, ಒಂದು ಫೈಲ್ ಕೊಡಿ, ಪ್ರತಿ ಕಾಲಂ ಅವರೇ ತುಂಬಲಿ, ತಪ್ಪು ಅವರೇ ಹಿಡೀಲಿ, ಮಗ ಕೊನೇಲಿ ನೋಡಿದ್ರೆ ಸಾಕು. ಮತ್ತೆ ಒಂದು ಇಯರ್‌ಫೋನ್ ಕೊಡ್ಸಿ. ಆದ್ರೆ ಮಗ ಬಂದು ಕೊಡೋದು ಬೇಡ, ಅದು ಇನ್ನೊಂದು ಜಗಳ ಆಗುತ್ತೆ, ಸೊಸೆ ಕೈಲಿ ಕೊಡ್ಸಿ.

ಪ್ರಶ್ನೆ: ಮೇಡಂ, ನಾನು ಮಂಗಳೂರು ಕಡೆಯವ, ಆರು ವರ್ಷದಿಂದ ದುಬೈಲಿ ಅಕೌಂಟೆಂಟ್. ಫೆಬ್ರವರಿಲಿ ಹೆಂಡ್ತಿ, ಎರಡು ಮಕ್ಕಳನ್ನ ವಿಸಿಟ್ ವೀಸಾದಲ್ಲಿ ಕರ್ಸಿದ್ದೆ, ಮೇ ತಿಂಗಳಲ್ಲಿ ಅವರ ವೀಸಾ ಮುಗೀತು. ಕಂಪನಿಯವ್ರು ಏಪ್ರಿಲ್‌ನಿಂದ ಅರ್ಧ ಸಂಬಳ ಮಾಡಿ ಈಗ ಕೆಲಸವೇ ಬಿಡಿ ಅಂತಿದಾರೆ. ರೂಮ್ ಬಾಡಿಗೆಗೆ ಮುಂದಿನ ತಿಂಗಳುಗಳ ಚೆಕ್ ಕೊಟ್ಟಾಗಿದೆ. ಫೈನ್ ಬೀಳುತ್ತಾ? ಎಲ್ಲ ಒಟ್ಟಿಗೆ ಹೊರಡೋದಾ?

ಉತ್ತರ: ಫೈನ್ ಬಗ್ಗೆ ಸದ್ಯ ಹೆದರಬೇಡಿ, ಮಾರ್ಚ್ 1ರ ನಂತರ ಮುಗಿದ ವೀಸಾ 2020ರ ಕೊನೆವರೆಗೆ ನಡೆಯುತ್ತೆ ಅಂತ ಯುಎಇ ಸರ್ಕಾರವೇ ಹೇಳಿದೆ. ಆದ್ರೆ ಈ ಥರ ಆದೇಶ ಯಾವಾಗ ಬೇಕಾದ್ರೂ ಬದಲಾಗುತ್ತೆ, ಡಿಸೆಂಬರ್ ತನಕ ಇದೆಯಲ್ಲ ಅಂತ ಕೂರಬೇಡಿ. ದುಬೈಯಿಂದ ಮಂಗಳೂರಿಗೆ ಮೇ 12ಕ್ಕೆ ಮೊದಲ ವಿಮಾನ ಬಂದಿದೆ. ನನ್ನ ಮಾತು ಕೇಳಿದ್ರೆ ಹೆಂಡ್ತಿ ಮಕ್ಕಳನ್ನ ಮೊದಲು ಕಳ್ಸಿ. ಹತ್ತು ವರ್ಷದೊಳಗಿನ ಮಕ್ಕಳ ಜೊತೆ ಬರೋರಿಗೆ 14 ದಿನ ಮನೇಲೇ ಕ್ವಾರಂಟೈನ್ ಮಾಡೋಕೆ ಕೇಂದ್ರದ ನಿಯಮದಲ್ಲಿ ಅವಕಾಶ ಇದೆ, ಹೋಟೆಲ್ ಖರ್ಚೂ ಉಳಿಯುತ್ತೆ.

ನೀವು ಹಿಂದೆ ನಿಂತು ಲೆಕ್ಕ ಮುಗಿಸಿ. ಗ್ರ್ಯಾಚುಯಿಟಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್ ಸಂಬಳ, ಆಮೇಲಿಂದಕ್ಕೆ 30 ದಿನದ್ದು, ಅದು ಕೈಗೆ ಬರೋ ಮುಂಚೆ "ಎಲ್ಲ ಸಿಕ್ಕಿದೆ" ಅನ್ನೋ ಕಾಗದಕ್ಕೆ ಸೈನ್ ಹಾಕಬೇಡಿ. ನೀವೇ ಅಕೌಂಟೆಂಟು, ನಾನೇನು ಹೇಳೋದು. ಚೆಕ್ ವಿಷಯ ಮಾತ್ರ ಹುಷಾರು, 2020ರಲ್ಲಿ ಅಲ್ಲಿ ಚೆಕ್ ಬೌನ್ಸ್ ಆದ್ರೆ ಪೊಲೀಸ್ ಕೇಸೇ ಆಗ್ತಿತ್ತು. ಮನೆ ಮಾಲೀಕರ ಹತ್ರ ಕೂತು ಮಾತಾಡಿ, ಉಳಿದ ಚೆಕ್ ಕೈಗೆ ವಾಪಸ್ ತಗೊಂಡೇ ಹೊರಡಿ. ಟಿಕೆಟ್‌ಗೆ ದುಡ್ಡೇ ಇಲ್ಲ ಅನ್ನೋ ಪರಿಸ್ಥಿತಿ ಬಂದ್ರೆ ಕಾನ್ಸುಲೇಟಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಅಂತ ಇದೆ, 2009ರಿಂದ ಇದೆ, ಕೇಳೋಕೆ ನಾಚಿಕೆ ಬೇಡ.

ಪ್ರಶ್ನೆ: ನಾವಿಬ್ರೂ ಇಂಡಿಯನ್ ಪಾಸ್‌ಪೋರ್ಟು, ಅಮೆರಿಕದಲ್ಲಿ ಎಚ್-1ಬಿ ಅನ್ನೋ ಉದ್ಯೋಗ ವೀಸಾದ ಕೆಲಸ ಹೋಗಿದೆ, 60 ದಿನದೊಳಗೆ ಹೊರಡಬೇಕು. ಮಗು ಇಲ್ಲೇ ಹುಟ್ಟಿದ್ದು, ಅಮೆರಿಕದ ಪ್ರಜೆ, ವೀಸಾ ಇಲ್ಲದೇ ಭಾರತಕ್ಕೆ ಬರೋಕೆ ಕೊಡೋ ಒಸಿಐ ಕಾರ್ಡ್ ಇದೆ. ಮೇ ಮಧ್ಯದಲ್ಲಿ ನಮಗೆ ಸೀಟು ಸಿಕ್ಕಿತ್ತು, ಮಗೂನ ಹತ್ತಿಸಲ್ಲ ಅಂದ್ರು. ಈಗೇನು ಮಾಡೋದು?

ಉತ್ತರ: ಈಗ ಹತ್ತಿಸ್ತಾರೆ. ಮಾರ್ಚ್ 13ರಿಂದ ಒಸಿಐ ಕಾರ್ಡಿನವರ ವೀಸಾ ಇಲ್ಲದ ಪ್ರಯಾಣ ನಿಲ್ಲಿಸಿದ್ರು, ಅದರಲ್ಲಿ ತೊಟ್ಟಿಲ ಕೂಸುಗಳೂ ಸೇರ್ಕೊಂಡ್ವು, ಅಪ್ಪ ಅಮ್ಮನಿಗೆ ಸೀಟು, ಮಗೂಗೆ ಇಲ್ಲ ಅನ್ನೋ ವಿಚಿತ್ರ ಆಗಿದ್ದು ಹಾಗೆ. ಮೇ 22ಕ್ಕೆ ಗೃಹ ಸಚಿವಾಲಯ ಸಡಿಲ ಮಾಡಿದೆ, ಭಾರತೀಯ ಪ್ರಜೆಗಳಿಗೆ ಹೊರದೇಶದಲ್ಲಿ ಹುಟ್ಟಿ ಒಸಿಐ ಇರೋ ಅಪ್ರಾಪ್ತ ಮಕ್ಕಳು ಬರಬಹುದು. ಮತ್ತೆ ನೋಂದಣಿ ಮಾಡಿ, ಮೂವರದ್ದೂ. ಸೀಟು 60 ದಿನದೊಳಗೆ ಸಿಗೋ ಥರ ಕಾಣದಿದ್ರೆ, ಕಾಯ್ತಾ ಕೂರದೇ ಎಚ್-1ಬಿಯಿಂದ ವಿಸಿಟರ್‌ಗೆ ಬದಲಾಯಿಸೋಕೆ ಅರ್ಜಿ ಹಾಕಿ, ಅದಕ್ಕೂ ಅದೇ ಐ-539. ಏರ್‌ಪೋರ್ಟಿಗೆ ಹೋಗೋವಾಗ ಮಗುವಿನ ಪಾಸ್‌ಪೋರ್ಟು, ಒಸಿಐ ಕಾರ್ಡು, ಬರ್ತ್ ಸರ್ಟಿಫಿಕೇಟು ಮೂರೂ ಒರಿಜಿನಲ್ ಕೈಯಲ್ಲಿರಲಿ, ಆ ಮೇ 22ರ ಆದೇಶದ ಪ್ರಿಂಟೂ ಒಂದು ಇಟ್ಕೊಳಿ, ಕೌಂಟರಲ್ಲಿ ಕೂತೋರಿಗೆ ಗೊತ್ತಿಲ್ದೇ ಇದ್ರೆ ತೋರಿಸೋಕೆ.